ಉದ್ರಿ ಪುಸ್ತಕದಿಂದ ಕಂಪ್ಯೂಟರಿಗೆ: ಸಂತೆಪೇಟೆಯ ಸಗಟು ಅಂಗಡಿಯ ಲೆಕ್ಕ ಬದಲಿಸಿದ ಬಗೆ

ಮೈಸೂರಿನ ಸಂತೆಪೇಟೆಯಲ್ಲಿ ನಮ್ಮದು ಕಿರಾಣಿ ಸಗಟು ವ್ಯಾಪಾರ. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಸೋಪು, ಬಿಸ್ಕತ್ತು ಇತ್ಯಾದಿ. ಕೊಳ್ಳುವವರಲ್ಲಿ ಹೆಚ್ಚಿನವರು ನಂಜನಗೂಡು, ತಿ. ನರಸೀಪುರ, ಹೆಚ್.ಡಿ. ಕೋಟೆ, ಸರಗೂರು ಕಡೆಯ ಹಳ್ಳಿ ಅಂಗಡಿಯವರು. ವ್ಯಾಪಾರದ ಮುಕ್ಕಾಲು ಪಾಲು ಉದ್ರಿಯಲ್ಲೇ ನಡೆಯುತ್ತದೆ. ಬಿಲ್ ಹಾಕುವುದು ಹಳೇ ಕಂಪ್ಯೂಟರಿನಲ್ಲಿ, ಬಾಕಿ ಬರೆಯುವುದು ಉದ್ದನೆಯ ಪುಸ್ತಕದಲ್ಲಿ, ಗಿರಾಕಿಗಳ ಫೋನ್ ನಂಬರು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಎಕ್ಸೆಲ್ ಕಡತದಲ್ಲಿ. ಈ ಮೂರೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಕಳೆದ ದಸರಾ ಮುಗಿದ ಮೇಲೆ ಕೈ ಹಾಕಿ, ಏಪ್ರಿಲ್ 1ಕ್ಕೆ ಹೊಸ ತಂತ್ರಾಂಶದಲ್ಲಿ ಪುಸ್ತಕ ತೆರೆದು, ಮೊದಲ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾವ ತಂತ್ರಾಂಶ ಒಳ್ಳೆಯದು ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಕೆಲಸದಲ್ಲಿ ಅದರ ಪಾಲು ಬಹಳ ಚಿಕ್ಕದು. ಹಳೆಯ ಲೆಕ್ಕವನ್ನು ಶುಚಿ ಮಾಡುವುದು, ಯಾರು ಏನನ್ನು ನೋಡಬಹುದು, ಏನನ್ನು ತಿದ್ದಬಹುದು ಎಂದು ತೀರ್ಮಾನಿಸುವುದು, ಇವೆರಡರಲ್ಲೇ ತಿಂಗಳುಗಳು ಹೋಗುತ್ತವೆ.

ಏಪ್ರಿಲ್ 1 ಯಾಕೆಂದರೆ, ಒಂದೇ ಬಿಲ್ ಸಂಖ್ಯೆ ಒಂದು ಆರ್ಥಿಕ ವರ್ಷದಲ್ಲಿ ಎರಡು ಸಲ ಬರಬಾರದು. ಸಂಖ್ಯೆ 16 ಅಕ್ಷರ ಮೀರಬಾರದು ಎಂಬ ನಿಯಮವೂ ಇದೆ. ವರ್ಷದ ನಡುವೆ ಬದಲಿಸಿದರೆ ಎರಡು ಸರಣಿ, ಎರಡು ಕಡೆಯ ಸ್ಟಾಕು, ಎರಡು ಕಡೆಯ ತೆರಿಗೆ ಲೆಕ್ಕವನ್ನು ಜೋಡಿಸಬೇಕಾಗುತ್ತದೆ. ವರಮಹಾಲಕ್ಷ್ಮಿ ಹಬ್ಬದಿಂದ ದಸರಾವರೆಗೆ ಸಗಟು ಅಂಗಡಿಯಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹಾಗಾಗಿ ದಸರಾ ನಂತರದ ಆರು ತಿಂಗಳೇ ತಯಾರಿಗೆ ಸಿಗುವ ಕಾಲ.

ಮೊದಲ ಅಡ್ಡಿ ಎದುರಾದದ್ದು ನಿರೀಕ್ಷೆ ಇಲ್ಲದ ಕಡೆಯಿಂದ. ಅಂಗಡಿಯ ಕಂಪ್ಯೂಟರ್ ವಿಂಡೋಸ್ 10ರದ್ದು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದಿರಬೇಕು. ನಮ್ಮದು ಅದಕ್ಕಿಂತ ಹಳೆಯದು. ಗಿರಾಕಿಗಳ ಲೆಕ್ಕವೆಲ್ಲ ಕೂರುವ ಯಂತ್ರವನ್ನು ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್ಟಿಗೆ ಜೋಡಿಸುವುದು ಸರಿಯಲ್ಲವೆಂದು ಹೊಸದನ್ನೇ ಕೊಂಡೆವು. ತಂತ್ರಾಂಶದ ದರಪಟ್ಟಿ ತರಿಸುವ ಮುಂಚೆ ನಿಮ್ಮ ಯಂತ್ರ ಯಾವುದೆಂದು ನೋಡಿಕೊಳ್ಳಿ. ಒಟ್ಟು ಖರ್ಚಿನಲ್ಲಿ ದೊಡ್ಡ ಬಾಬ್ತು ಅದೇ ಆಗಬಹುದು.

ಮಾರುವವರು ಡೆಮೊ ತೋರಿಸುವಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ನಾವು ಎಲ್ಲರಿಗೂ ಕೇಳಿದ್ದು ಒಂದಷ್ಟೇ ಪ್ರಶ್ನೆ. ಬಿಲ್‌ವಾರು ಬಾಕಿ ಇಡುತ್ತದೆಯೇ? ಗಿರಾಕಿಯ ಹೆಸರನ್ನು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಕನ್ನಡದಲ್ಲಿ ಇಟ್ಟು ಬಿಲ್ಲಿನಲ್ಲಿ ಮುದ್ರಿಸುತ್ತದೆಯೇ? ಬಿಲ್ ತಿದ್ದಿದರೆ ಯಾರು, ಯಾವಾಗ, ಏನು ತಿದ್ದಿದರು ಎಂಬುದು ದಾಖಲಾಗುತ್ತದೆಯೇ? ಮುಂದೆ ಚಂದಾ ಕಟ್ಟದಿದ್ದರೆ ಹಳೇ ಲೆಕ್ಕ ತೆರೆದು ನೋಡಬಹುದೇ, ಪೂರ್ತಿ ಹೊರತೆಗೆಯಬಹುದೇ? ಕೊನೆಯ ಪ್ರಶ್ನೆಗೆ ನೇರ ಉತ್ತರ ಕೊಡದವರನ್ನು ಬಿಟ್ಟೆವು. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಷ್ಟು ಕಾಲ ನಮ್ಮ ಪುಸ್ತಕದ ಬೀಗದ ಕೈ ಇನ್ನೊಬ್ಬರ ಬಳಿ ಇರುವುದು ತರವಲ್ಲ.

ಇನ್ನು ಗಿರಾಕಿಗಳ ಪಟ್ಟಿ. ಇಲ್ಲಿಯೇ ನಿಧಾನಿಸಬೇಕು.

ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿದ್ದು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹೊಸ ತಂತ್ರಾಂಶಕ್ಕೆ ಏರಿಸಿದ ಕೂಡಲೇ ಅರ್ಥವಿಲ್ಲದ ಚಿಹ್ನೆಗಳಾಗಿಬಿಡುತ್ತವೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೇ ಯೂನಿಕೋಡ್‌ಗೆ ಬದಲಿಸುವ ಸೌಲಭ್ಯವಿದೆ. ಆದರೆ ಇಡೀ ಕಡತವನ್ನು ಒಮ್ಮೆಗೇ ಬದಲಿಸಬೇಡಿ. ಹೆಸರು, ಊರು ಇರುವ ಕಂಬಸಾಲುಗಳನ್ನು ಮಾತ್ರ ಬದಲಿಸಿ. ಇಲ್ಲವಾದರೆ ಇಂಗ್ಲಿಷಿನಲ್ಲಿರುವ ಜಿಎಸ್‌ಟಿ ಸಂಖ್ಯೆಯೂ ಕನ್ನಡವೆಂದು ತಿಳಿದು ಕೆಡುತ್ತದೆ. ಬದಲಾದ ಮೇಲೆ ಅರ್ಕಾವತ್ತು, ದೀರ್ಘ, ಒತ್ತಕ್ಷರ ಇರುವ ಹೆಸರುಗಳನ್ನು ಕಣ್ಣಿಟ್ಟು ನೋಡಬೇಕು. ನುಡಿಯಲ್ಲಿ ಅರ್ಕಾವತ್ತಿನ ಸಂಕೇತ ವ್ಯಂಜನದ ನಂತರ ಇರುತ್ತದೆ, ಯೂನಿಕೋಡಿನಲ್ಲಿ ಮೊದಲು. ತಪ್ಪುಗಳು ಹೆಚ್ಚಾಗಿ ಅಲ್ಲೇ ಕೂತಿರುತ್ತವೆ.

ಹೊಸ ತಂತ್ರಾಂಶಕ್ಕೆ ಏರಿಸಲು ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಸಾದಾ ಪಠ್ಯದ) ಕಡತವಾಗಿ ಉಳಿಸುವಾಗ 'ಸಿಎಸ್‌ವಿ ಯುಟಿಎಫ್-8' ಎಂಬ ಆಯ್ಕೆಯನ್ನೇ ಒತ್ತಬೇಕು. ಬರೀ 'ಸಿಎಸ್‌ವಿ' ಒತ್ತಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯ ಸಾಲಾಗುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯ ಕಂಬಸಾಲನ್ನು ಮೊದಲೇ 'ಟೆಕ್ಸ್ಟ್' ಮಾಡಿಟ್ಟು ಆಮೇಲೆ ಅಂಟಿಸಿ. ಎಕ್ಸೆಲ್ 15 ಅಂಕಿ ದಾಟಿದ್ದನ್ನು ಸೊನ್ನೆ ಮಾಡುತ್ತದೆ, ಸಂಖ್ಯೆಯ ಆರಂಭದಲ್ಲಿರುವ ಸೊನ್ನೆಯನ್ನು ತಿಂದುಹಾಕುತ್ತದೆ. ಒಮ್ಮೆ ಹೋದ ಅಂಕಿ ಮತ್ತೆ ಬರುವುದಿಲ್ಲ. ಜಿಎಸ್‌ಟಿ ಸಂಖ್ಯೆ 15 ಅಕ್ಷರದ್ದು. ಕರ್ನಾಟಕದ್ದಾದರೆ 29ರಿಂದ ಶುರು, ಮುಂದಿನ ಹತ್ತು ಅಕ್ಷರ ಗಿರಾಕಿಯ ಪ್ಯಾನ್. ಅಕ್ಷರದ ಉದ್ದ ಎಣಿಸುವ ಸೂತ್ರವನ್ನು ಪಕ್ಕದ ಸಾಲಿಗೆ ಹಾಕಿದರೆ ಒಂದಕ್ಷರ ಬಿಟ್ಟುಹೋದವು ತಕ್ಷಣ ಸಿಗುತ್ತವೆ. ಉಳಿದವನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ, ನೋಂದಣಿ ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂದೂ ನೋಡಿಕೊಳ್ಳಬೇಕು.

ನಂಜನಗೂಡಿನ ಕಡೆ ಮಹದೇವಸ್ವಾಮಿ, ನಂಜುಂಡಸ್ವಾಮಿ, ಸಿದ್ದರಾಜು ಎಂಬ ಹೆಸರು ಪ್ರತಿ ಊರಿನಲ್ಲೂ ಇರುತ್ತದೆ. ಒಬ್ಬರದೇ ಹೆಸರು ಮಹದೇವ, ಮಾದೇವ, ಮಹಾದೇವ ಎಂದು ಮೂರು ಕಡೆ ಮೂರು ಬಗೆಯಾಗಿ ಇರುತ್ತದೆ. ಹೆಸರನ್ನೇ ಗುರುತಾಗಿ ಇಟ್ಟುಕೊಂಡರೆ ಒಬ್ಬರ ಜಮಾ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ನಾವು ತಾಲ್ಲೂಕಿನ ಮೊದಲಕ್ಷರ ಮತ್ತು ಮೂರು ಅಂಕಿ ಸೇರಿಸಿ ಪ್ರತಿಯೊಬ್ಬರಿಗೂ ಸಂಕೇತ ಸಂಖ್ಯೆ ಕೊಟ್ಟೆವು. ಹೆಸರಿನ ಮುಂದೆ ಊರು, ಅಂಗಡಿಯ ಹೆಸರು, ಒಂದು ಫೋನ್ ನಂಬರು. ಎರಡು ಖಾತೆಯಲ್ಲಿ ಒಂದೇ ನಂಬರು ಕಂಡರೆ ಬಹುತೇಕ ಇಬ್ಬರೂ ಒಬ್ಬರೇ, ಅಥವಾ ಅಣ್ಣತಮ್ಮಂದಿರು. ಅಣ್ಣತಮ್ಮಂದಿರ ಲೆಕ್ಕವನ್ನು ಅವರನ್ನು ಕೇಳದೆ ಒಂದು ಮಾಡಬೇಡಿ. ಮನೆ ಪಾಲಾಗಿರುತ್ತದೆ.

ಪಟ್ಟಿ ಸರಿಯಾದ ಮೇಲೆ ಬಾಕಿ. ಒಬ್ಬೊಬ್ಬರ ಒಟ್ಟು ಬಾಕಿಯನ್ನು ಒಂದೇ ಅಂಕಿಯಾಗಿ ಏರಿಸುವುದು ಸುಲಭ. ಆದರೆ ಹಾಗೆ ಮಾಡಿದರೆ ಮುಂದೆ ಬಂದ ಹಣ ಯಾವ ಬಿಲ್ಲಿಗೆ ಜಮಾ ಆಯಿತು, ಯಾವ ಬಾಕಿ 30 ದಿನದ್ದು, ಯಾವುದು 120 ದಿನದ್ದು ಎಂದು ತಂತ್ರಾಂಶಕ್ಕೆ ತಿಳಿಯುವುದಿಲ್ಲ. ತಂತ್ರಾಂಶ ಹಾಕಿಸಿದ್ದರ ಮುಖ್ಯ ಲಾಭವೇ ಅಲ್ಲಿ ಸೋರಿಹೋಗುತ್ತದೆ. ಹಾಗಾಗಿ ಬಿಲ್ ಸಂಖ್ಯೆ, ದಿನಾಂಕ, ಉಳಿದ ಮೊತ್ತ ಎಂದು ಬಿಡಿಸಿ ಏರಿಸಿದೆವು. ಅದಕ್ಕೂ ಮುಂಚೆ ಪ್ರತಿ ಗಿರಾಕಿಗೆ ಬಾಕಿ ಚೀಟಿ ಮುದ್ರಿಸಿ, ಅವರು ಸರಕಿಗೆ ಬಂದಾಗ ಕೂರಿಸಿ ತೋರಿಸಿ, ಸಹಿ ಮತ್ತು ದಿನಾಂಕ ಹಾಕಿಸಿಕೊಂಡೆವು. ಈ ಸಹಿಗೆ ಕಾನೂನಿನಲ್ಲೂ ಬೆಲೆಯಿದೆ. ಬಾಕಿ ವಸೂಲಿಗೆ ದಾವೆ ಹೂಡಲು ಇರುವ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿ ಮುಗಿಯುವುದರೊಳಗೆ ಸಾಲಗಾರ ಬಾಕಿ ಒಪ್ಪಿ ಬರಹದಲ್ಲಿ ಸಹಿ ಮಾಡಿದರೆ 1963ರ ಕಾಲಮಿತಿ ಕಾಯ್ದೆಯ 18ನೇ ಕಲಮಿನಂತೆ ಅಂದಿನಿಂದ ಅವಧಿ ಹೊಸದಾಗಿ ಶುರುವಾಗುತ್ತದೆ.

ಆದರೂ ಸಹಿ ಎಂದ ಕೂಡಲೇ ಜನ ಹಿಂಜರಿಯುತ್ತಾರೆ. "ಇಷ್ಟ್ ವರ್ಷ ಬಾಯ್ಮಾತಲ್ಲೇ ನಡ್ಕಂಡ್ ಬಂತಲ್ಲಣ್ಣ, ಈಗ್ಯಾಕೆ ರುಜು?" ಎಂದು ಸರಗೂರು ಕಡೆಯ ಹಿರಿಯ ಗಿರಾಕಿಯೊಬ್ಬರು ಕೇಳಿದರು. ಅವರ ಬೇಸರ ಸಹಜವೇ. ಚೀಟಿಯ ಎರಡು ಪ್ರತಿ ಮಾಡಿ, ನಮ್ಮ ಸಹಿ, ಮೊಹರು ಇರುವ ಒಂದನ್ನು ಅವರ ಕೈಗೇ ಕೊಟ್ಟಾಗ ಒಪ್ಪಿದರು. ಕಾಗದ ಎರಡೂ ಕಡೆ ಇದ್ದರೆ ಅದು ಅವರಿಗೂ ರಕ್ಷಣೆ. ಇನ್ನೊಂದು ಭಯವೂ ಇತ್ತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಅದಾದ ಮೇಲೆ ಹಳ್ಳಿ ಅಂಗಡಿಯವರು ಪ್ಯಾನ್, ಫೋನ್ ನಂಬರು ಕೊಡಲು ಹೆದರುತ್ತಿದ್ದರು. ಸರಕು ಮಾರುವವರ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಎಂಬುದನ್ನೂ, ನಾವು ಯಾವ ವಿವರ ಯಾಕೆ ಕೇಳುತ್ತಿದ್ದೇವೆಂಬುದನ್ನೂ ಒಬ್ಬೊಬ್ಬರಿಗೆ ಬಿಡಿಸಿ ಹೇಳಬೇಕಾಯಿತು. ಈ ಹಂತಕ್ಕೆ ಧಾರಾಳವಾಗಿ ಸಮಯ ಇಟ್ಟುಕೊಳ್ಳಿ, ಸಂಕ್ರಾಂತಿಗೆ ಮುಂಚೆಯೇ ಶುರು ಮಾಡಿ.

ಸರಕಿನ ಪಟ್ಟಿಯಲ್ಲಿ ತೊಡಕು ತೆರಿಗೆಯದು. ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ 25 ಕೆಜಿವರೆಗೆ ಶೇ 5ರ ತೆರಿಗೆಗೆ ಸೇರುತ್ತದೆ, ಅದಕ್ಕಿಂತ ದೊಡ್ಡ ಮೂಟೆಗೆ ತೆರಿಗೆ ಇಲ್ಲ. 2022ರ ಜುಲೈ 18ರಿಂದ ಬಂದ ಈ ನಿಯಮದಿಂದಲೇ 26 ಕೆಜಿ ಮೂಟೆ ಮಾರುಕಟ್ಟೆಗೆ ಬಂತು. ಅಂದರೆ ಒಂದೇ ಮಿಲ್ಲಿನ ಸೋನಾ ಮಸೂರಿ 25 ಕೆಜಿ ಮತ್ತು 26 ಕೆಜಿ ನಮ್ಮ ಪಟ್ಟಿಯಲ್ಲಿ ಎರಡು ಬೇರೆ ಸರಕಾಗಬೇಕು. ಬಿಡಿ ಬೆಲ್ಲ, ಪ್ಯಾಕೆಟ್ ಬೆಲ್ಲವೂ ಹಾಗೆಯೇ. 2025ರ ಸೆಪ್ಟೆಂಬರ್ 22ರಂದು ದರ ಬದಲಾದಾಗ ಮೈಸೋಪು, ಟೂತ್‌ಪೇಸ್ಟ್, ಬಿಸ್ಕತ್ತು ಶೇ 18ರಿಂದ 5ಕ್ಕೆ ಇಳಿದವು, ತುಪ್ಪ ಶೇ 12ರಿಂದ 5ಕ್ಕೆ ಬಂತು, ಬಟ್ಟೆ ಒಗೆಯುವ ಪುಡಿ ಶೇ 18ರಲ್ಲೇ ಉಳಿಯಿತು. ಹಳೇ ಪಟ್ಟಿಯಲ್ಲಿ ಸೋಪು, ಸೋಪಿನ ಪುಡಿ ಎಲ್ಲ ಒಂದೇ ಗುಂಪು, ಗುಂಪಿಗೊಂದು ದರ. ಹೊಸದರಲ್ಲಿ ದರವನ್ನು ಗುಂಪಿಗೆ ಕೊಡದೆ ಸರಕು ಯಾವ ಬಗೆಯದೆಂದು ಗುರುತಿಸುವ ಎಚ್‌ಎಸ್‌ಎನ್ ಸಂಕೇತಕ್ಕೆ ಕೊಟ್ಟೆವು, 'ಯಾವ ದಿನಾಂಕದಿಂದ' ಎಂಬುದನ್ನೂ ನಮೂದಿಸಿದೆವು. ಹಳೇ ಬಿಲ್ಲಿನ ಮಾಲು ವಾಪಸ್ ಬಂದಾಗ ಹಳೇ ದರದಲ್ಲೇ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಕಳೆಯುವ ಚೀಟಿ) ಆಗಲು ಇದು ಬೇಕು.

ಅಳತೆಯಲ್ಲೂ ಎಚ್ಚರ ಬೇಕು. 15 ಕೆಜಿ ಎಣ್ಣೆ ಡಬ್ಬ ಬೇರೆ, 15 ಲೀಟರ್ ಡಬ್ಬ ಬೇರೆ. ಲೀಟರಿಗೆ ಸುಮಾರು 910 ಗ್ರಾಂ ತೂಗುವುದರಿಂದ ಎರಡನೆಯದರಲ್ಲಿ ಇರುವುದು ಹದಿಮೂರು ಮುಕ್ಕಾಲು ಕೆಜಿಗೂ ಸ್ವಲ್ಪ ಕಡಿಮೆ. ಎರಡನ್ನೂ 'ಡಬ್ಬ' ಎಂದು ಬರೆದರೆ ಸ್ಟಾಕು, ಲಾಭ ಎರಡೂ ಸುಳ್ಳಾಗುತ್ತವೆ. ಖರೀದಿ ಬಿಲ್ ಏರಿಸುವ ಮುಂಚೆ ಮಾರಾಟದ ಬಿಲ್ ಹಾಕಿದರೆ ಸ್ಟಾಕು ಮೈನಸ್‌ಗೆ ಹೋಗುತ್ತದೆ. ಲಾರಿ ಇಳಿಯುತ್ತಿರುವಾಗಲೇ ಗಿರಾಕಿ ನಿಂತಿರುವ ಸಗಟು ಅಂಗಡಿಯಲ್ಲಿ ಇದು ನಿತ್ಯದ ಪಾಡು. ಮೈನಸ್ ಸ್ಟಾಕನ್ನು ತಂತ್ರಾಂಶದಲ್ಲೇ ತಡೆದು, ಲಾರಿ ಬಂದ ಕೂಡಲೇ ಮಾಲಿನ ಲೆಕ್ಕವನ್ನಷ್ಟೇ ಏರಿಸಿ, ದರವನ್ನು ಆಮೇಲೆ ತುಂಬುವ ಪದ್ಧತಿ ಮಾಡಿಕೊಂಡೆವು. ಮಾರ್ಚ್ 31ರ ಸಂಜೆ ಗೋದಾಮಿನ ಎಣಿಕೆ ಮಾಡಿದವರ ಕೈಗೆ ಪುಸ್ತಕದ ಅಂಕಿ ಕೊಡಲಿಲ್ಲ. ಅಂಕಿ ಕಂಡರೆ ಎಣಿಕೆ ತಾನಾಗಿ ಅದಕ್ಕೇ ಹೊಂದಿಕೊಳ್ಳುತ್ತದೆ.

ಕ್ಯೂಆರ್ ಬಗ್ಗೆ. ಗಲ್ಲಾದ ಮೇಲೆ ಅಂಟಿಸಿದ ಸ್ಥಿರ ಕ್ಯೂಆರ್‌ನಲ್ಲಿ ಗಿರಾಕಿಯೇ ಮೊತ್ತ ಒತ್ತುತ್ತಾರೆ, ಆ ಹಣ ಯಾವ ಬಿಲ್ಲಿನದೆಂದು ಬ್ಯಾಂಕಿಗೆ ಗೊತ್ತಿರುವುದಿಲ್ಲ. ಬಿಲ್ಲಿನ ಜೊತೆಗೇ ಮೊತ್ತ ಸಮೇತ ಮೂಡುವ ಕ್ಯೂಆರ್ ಆದರೆ ಜಮಾ ತಾನಾಗಿ ಹೊಂದುತ್ತದೆ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ವ್ಯಾಪಾರಿಗೆ ಶುಲ್ಕವಿಲ್ಲ, ಕ್ರೆಡಿಟ್ ಕಾರ್ಡ್ ಜೋಡಿಸಿದ ಯುಪಿಐಗೆ ಬೀಳಬಹುದು. ಆ ಆಯ್ಕೆಯನ್ನು ಕ್ಯೂಆರ್ ಅರ್ಜಿಯಲ್ಲೇ ಕೇಳುತ್ತಾರೆ, ಓದಿ ಟಿಕ್ ಮಾಡಿ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಿ ಮಾಲು ಬಿಡಬೇಡಿ. ಸೌಂಡ್‌ಬಾಕ್ಸ್ ನುಡಿಯಬೇಕು ಅಥವಾ ನಮ್ಮ ಖಾತೆಯಲ್ಲಿ 12 ಅಂಕಿಯ ವಹಿವಾಟು ಸಂಖ್ಯೆ ಕಾಣಬೇಕು. ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ನಮ್ಮದೇ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿ ಯಾರ ಹೆಸರು ಬರುತ್ತದೆಂದು ನೋಡುತ್ತೇವೆ, ಏಕೆಂದರೆ ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಅಂಟಿಸುವ ಮೋಸ ನಡೆಯುತ್ತಿದೆ. ಇನ್ನು ನಗದು: ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ತಂತ್ರಾಂಶದಲ್ಲಿ ಇದಕ್ಕೆ ಎಚ್ಚರಿಕೆ ಇಡಬಹುದು, ಇಡಿ.

ಬಾಕಿ ನೆನಪಿಸುವ ಎಸ್‌ಎಂಎಸ್ ಎಲ್ಲಕ್ಕಿಂತ ಹೆಚ್ಚು ಕಾಯಿಸಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳಂತೆ ವ್ಯಾಪಾರಿ ತಂತ್ರಾಂಶದಿಂದ ಸಂದೇಶ ಕಳಿಸಬೇಕಾದರೆ ಸಂದೇಶ ಕಳಿಸುವ ವ್ಯಾಪಾರಿಗಳನ್ನು ನೋಂದಾಯಿಸುವ ದೂರಸಂಪರ್ಕ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲು ಸಂಸ್ಥೆಯ ನೋಂದಣಿ, ಆಮೇಲೆ ಕಳಿಸುವವರ ಹೆಸರಾಗಿ ಕಾಣುವ ಆರು ಅಕ್ಷರದ ಹೆಡರ್, ಕೊನೆಗೆ ಸಂದೇಶದ ಒಕ್ಕಣೆ, ಮೂರಕ್ಕೂ ಒಪ್ಪಿಗೆ ಬೇಕು. ಜಿಎಸ್‌ಟಿ ಪ್ರಮಾಣಪತ್ರ, ಪ್ಯಾನ್, ಲೆಟರ್‌ಹೆಡ್ ಮೇಲೆ ಸಹಿ ಮೊಹರು ಹಾಕಿದ ಅಧಿಕಾರ ಪತ್ರ ಕೇಳಿದರು. ನೋಂದಣಿಗೆ ನಾವು ಕಟ್ಟಿದ್ದು ಜಿಎಸ್‌ಟಿ ಸೇರಿ 5,900 ರೂಪಾಯಿ. ಅರ್ಜಿ ವಾಪಸ್ ಬರಲು ಕಾರಣ ಹೆಸರು. ಒಬ್ಬರೇ ಮಾಲೀಕರಿರುವ ಅಂಗಡಿಯ ಜಿಎಸ್‌ಟಿಯಲ್ಲಿ ಕಾನೂನುಬದ್ಧ ಹೆಸರೆಂದರೆ ಮಾಲೀಕರ ಪ್ಯಾನಿನ ಹೆಸರು, ಅಂಗಡಿಯ ಹೆಸರು ವ್ಯಾಪಾರನಾಮ ಮಾತ್ರ. ನಾವು ಕೇಳಿದ ಹೆಡರ್ ಅಂಗಡಿಯ ಹೆಸರಿನದು, ಪರಿಶೀಲಿಸಿದವರು ನೋಡಿದ್ದು ಮಾಲೀಕರ ಹೆಸರು. ಪ್ರಮಾಣಪತ್ರದಲ್ಲಿ ವ್ಯಾಪಾರನಾಮ ಇರುವ ಪುಟವನ್ನು ಸೇರಿಸಿ, ಹೆಡರಿನ ಅಕ್ಷರಗಳು ಅದರಿಂದ ಹೇಗೆ ಬಂದವೆಂದು ಒಂದು ಸಾಲು ಬರೆದುಕೊಟ್ಟ ಮೇಲೆ ಆಯಿತು. ಇದೇ ಎರಡು ಹೆಸರಿನ ಗೊಂದಲ ಬ್ಯಾಂಕಿನ ಕ್ಯೂಆರ್ ಅರ್ಜಿಯಲ್ಲೂ ಬರುತ್ತದೆ.

ಕನ್ನಡದಲ್ಲಿ ಕಳಿಸುವವರಿಗೆ ಇನ್ನೊಂದು ವಿಷಯ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರದ ಜಾಗವಿದ್ದರೆ ಕನ್ನಡಕ್ಕೆ 70. ಸ್ವರಚಿಹ್ನೆಯೂ ಒಂದು ಎಣಿಕೆ, ಒತ್ತಕ್ಷರವಾದರೆ ಎರಡು, ಮೈಸೂರು ಎಂದರೆ ಆರು. 70 ದಾಟಿದರೆ ತಲಾ 67ರ ತುಂಡಾಗಿ ಎರಡು ಸಂದೇಶದ ಹಣ ಬೀಳುತ್ತದೆ. ಹೆಸರು, ಬಾಕಿ ಮೊತ್ತ, ದಿನಾಂಕ ಮೂರೇ ಇಟ್ಟರೂ ಒಂದರಲ್ಲಿ ಹಿಡಿಸುವುದು ಕಷ್ಟ. ಆದರೂ ಕನ್ನಡದಲ್ಲೇ ಉಳಿಸಿಕೊಂಡೆವು, ಓದಿ ತಿಳಿಯದ ಸಂದೇಶಕ್ಕೆ ಎಷ್ಟು ಕೊಟ್ಟರೂ ದಂಡವೇ. ವಾಟ್ಸ್ಆ್ಯಪ್ ಬಿಸಿನೆಸ್ ಉಚಿತವಾದರೂ ಅದರ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಬಾಕಿಯ ವಿಷಯವನ್ನು ಗುಂಪಿನಲ್ಲಿ ಎಂದೂ ಹಾಕಬೇಡಿ. ಒಬ್ಬರ ಸಾಲ ಇನ್ನೊಬ್ಬರಿಗೆ ತಿಳಿಯಬಾರದು.

ಅದೇ ಮಾತು ಗಿರಾಕಿಗಳ ದಾಖಲೆಗೂ ಅನ್ವಯ. ಉದ್ರಿ ಕೊಡುವಾಗ ಹಿಂದೆ ಆಧಾರ್ ಜೆರಾಕ್ಸ್ ಇಸಿದುಕೊಳ್ಳುವ ರೂಢಿಯಿತ್ತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಮುಖ್ಯ ಹೊಣೆಗಳು ಹಂತಹಂತವಾಗಿ 18 ತಿಂಗಳಲ್ಲಿ ಜಾರಿಗೆ ಬರುತ್ತವೆ. ಭದ್ರತೆಯ ಲೋಪಕ್ಕೆ ದಂಡ 250 ಕೋಟಿವರೆಗೂ ಹೋಗಬಹುದು. ನಾವು ಆ ಜೆರಾಕ್ಸ್‌ಗಳನ್ನು ಸ್ಕ್ಯಾನ್ ಮಾಡಿ ಏರಿಸಲಿಲ್ಲ, ಅವರವರಿಗೆ ವಾಪಸ್ ಕೊಟ್ಟೆವು. ಖಾತೆ ತೆರೆಯುವ ಫಾರಂನಲ್ಲಿ ಯಾವ ವಿವರ ಯಾಕೆ, ಬೇಡವೆನಿಸಿದರೆ ಯಾರನ್ನು ಕೇಳಬೇಕು ಎಂದು ಕನ್ನಡದಲ್ಲಿ ಬರೆದಿದ್ದೇವೆ.

ಅಂಗಡಿಯ ಒಳಗಿನ ಭದ್ರತೆಗೆ ಮಾಡಿದ್ದು ಇಷ್ಟು: ಪ್ರತಿಯೊಬ್ಬರಿಗೂ ಬೇರೆ ಲಾಗಿನ್. ಗುಮಾಸ್ತರು ಬಿಲ್ ಹಾಕಬಹುದು, ಅಳಿಸಲಾಗದು, ಹಿಂದಿನ ದಿನಾಂಕ ಹಾಕಲಾಗದು. ರಿಟರ್ನ್ ಸಲ್ಲಿಸಿದ ತಿಂಗಳಿಗೆ ಬೀಗ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡುವ ಪೋರ್ಟಲ್‌ಗೆ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಒಟಿಪಿ ಕಡ್ಡಾಯ. ಒಟಿಪಿ ಮಾಲೀಕರ ಫೋನಿಗೇ ಬರುವಂತಿದ್ದರೆ ಅವರು ಸಿಗ್ನಲ್ ಇಲ್ಲದ ಊರಿಗೆ ಹೋದ ದಿನ ಲಾರಿ ಹೊರಡುವುದಿಲ್ಲ. ಬಿಲ್ ಮಾಡುವವರಿಗೆ ಅವರದೇ ನಂಬರಿನಲ್ಲಿ ಉಪಬಳಕೆದಾರ ಲಾಗಿನ್ ಮಾಡಿಕೊಡಿ, ಕೆಲಸ ಬಿಟ್ಟ ದಿನವೇ ತೆಗೆಯಿರಿ. ತಂತ್ರಾಂಶದ ಸಹಾಯಕ್ಕೆಂದು ದೂರದಿಂದ ನಮ್ಮ ತೆರೆ ನೋಡುವವರಿಗೆ ಶಾಶ್ವತ ಪಾಸ್‌ವರ್ಡ್ ಕೊಡಬೇಡಿ, ಕೆಲಸ ಮುಗಿದ ಕೂಡಲೇ ಸಂಪರ್ಕ ಕಡಿಯಿರಿ, ಆ ಹೊತ್ತಿನಲ್ಲಿ ಬ್ಯಾಂಕ್ ಪುಟ ತೆರೆಯಬೇಡಿ.

ಬ್ಯಾಕಪ್ ಮೂರು ಕಡೆ: ಕಂಪ್ಯೂಟರ್, ಹೊರಗಿನ ಹಾರ್ಡ್‌ಡಿಸ್ಕ್, ಕ್ಲೌಡ್. ಹಾರ್ಡ್‌ಡಿಸ್ಕನ್ನು ರಾತ್ರಿ ಪ್ರತಿ ತೆಗೆದು ಕಳಚಿಡಬೇಕು. ಸದಾ ಜೋಡಿಸಿದ್ದರೆ ಕಡತಕ್ಕೆ ಬೀಗ ಹಾಕುವ ವೈರಸ್ ಅದನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಹತ್ತು ಗಿರಾಕಿಗಳ ಬಾಕಿ ತಾಳೆ ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಂಪ್ಯೂಟರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ: ಏನಾದರೂ ಅನುಮಾನ ಬಂದರೆ ನೆಟ್‌ವರ್ಕ್ ತಂತಿ ಕಿತ್ತುಹಾಕಿ, ಫಾರ್ಮ್ಯಾಟ್ ಮಾಡಬೇಡಿ, ಹಣ ಹೋಗಿದ್ದರೆ ತಕ್ಷಣ ಬ್ಯಾಂಕಿಗೆ ಮತ್ತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೈಬರ್ ದಾಳಿಯಾದರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ.

ಕರೆಂಟ್ ಹೋದಾಗ ಯುಪಿಎಸ್ ತಡೆಯುವುದು ಅರ್ಧ ಗಂಟೆ. ರೂಟರಿಗೂ ಅದರಿಂದಲೇ ತಂತಿ ಎಳೆಯಿರಿ, ಅದು ಮರೆತುಹೋಗುತ್ತದೆ. ಅದಕ್ಕೂ ಮೀರಿದರೆ ಕೈಬಿಲ್ ಪುಸ್ತಕ. ಅದಕ್ಕೆ ಬೇರೆಯದೇ ಸರಣಿ ಮುದ್ರಿಸಿಟ್ಟಿದ್ದೇವೆ, ಅದೇ ದಿನ ಕಂಪ್ಯೂಟರಿಗೆ ಏರಿಸುತ್ತೇವೆ. ತಿಂಗಳ ಕೊನೆಗೆ ಮಾರಾಟದ ವಿವರ ಕೊಡುವ ರಿಟರ್ನ್ ಆದ ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿ ಆ ಸರಣಿಯ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ರದ್ದಾದವೆಷ್ಟು ಎಂದು ಬೇರೆಯಾಗಿ ತೋರಿಸಬೇಕು. ಹಾಳಾದ ಹಾಳೆಯನ್ನೂ ಹರಿಯದೆ, ಅಡ್ಡಗೆರೆ ಎಳೆದು ಪುಸ್ತಕದಲ್ಲೇ ಬಿಡಿ.